ಆಯ್ತು, ಬುಡಿ

ಅವರ ಎಡಗಣ್ಣಿನ ರೆಪ್ಪೆ ಯಾವಾಗಲೂ ಅರ್ಧ ಇಳಿದಿರುತ್ತಿತ್ತು. ಇಪ್ಪತ್ತು ವರ್ಷ ಆ ಕಣ್ಣು ಮುಚ್ಚಿಕೊಂಡು, ಬಲಗಣ್ಣಿನಲ್ಲಿ ಕ್ಯಾಮೆರಾದೊಳಗೆ ಇಣುಕಿ ಇಣುಕಿ, ಕೈಯಲ್ಲಿ ಕ್ಯಾಮೆರಾ ಇಲ್ಲದಾಗಲೂ ಅದು ಪೂರ್ತಿ ತೆರೆಯುವುದನ್ನು ಮರೆತುಬಿಟ್ಟಿತ್ತು. ಗೊತ್ತಿಲ್ಲದವರಿಗೆ ಕಣ್ಣು ಹೊಡೆದಂತೆ ಕಾಣುತ್ತಿತ್ತು. ತಿಪಟೂರಿನ ಸಂತೆಯಲ್ಲಿ ಸೊಪ್ಪು ಮಾರುವ ಹೆಂಗಸೊಬ್ಬಳು ಒಮ್ಮೆ, "ಯಾಕಣ್ಣೋ, ಮನೇಲಿ ಯಾರೂ ಇಲ್ವಾ?" ಎಂದು ಎಲ್ಲರೆದುರಿಗೆ ಕೇಳಿದ್ದಳಂತೆ. ಇವರು ಗಾಬರಿಯಾಗಿ, "ಅಕ್ಕ ಅವ್ಳೆ" ಎಂದು ಉತ್ತರ ಕೊಟ್ಟು, ಬೇಡದಿದ್ದರೂ ಎರಡು ಕಟ್ಟು ದಂಟಿನ ಸೊಪ್ಪು ತಂದಿದ್ದರು. ಈ ಕಥೆಯನ್ನು ಅವರ ಅಕ್ಕ ಬಂದವರಿಗೆಲ್ಲ ಹೇಳಿ ನಗುತ್ತಿದ್ದರು. ಅವರು ಪಕ್ಕದಲ್ಲೇ ಕೂತು ತಮಗೆ ಸಂಬಂಧಿಸಿದ್ದಲ್ಲ ಎಂಬಂತೆ ಲೆನ್ಸ್ ಒರೆಸುತ್ತಿದ್ದರು.

ನಾನು ತಿಪಟೂರಿನ ಹೆಣ್ಣುಮಕ್ಕಳ ಮಿಡ್ಲ್ ಸ್ಕೂಲಿಗೆ ಟೀಚರಾಗಿ ಬಂದದ್ದು ಎಪ್ಪತ್ತರ ದಶಕದ ಮೊದಲಲ್ಲಿ. ಅಪ್ಪ ತೀರಿಹೋಗಿದ್ದರು, ಇಬ್ಬರು ತಮ್ಮಂದಿರು ಓದುತ್ತಿದ್ದರು. ನನ್ನ ಮದುವೆಯ ಮಾತು ಮುಂದಿನ ವರ್ಷ, ಮುಂದಿನ ವರ್ಷ ಎಂದು ಹೋಗಿ, ಒಂದು ದಿನ ಯಾರೂ ಆ ಮಾತನ್ನೇ ಎತ್ತದಂತಾಯಿತು. ರೈಲ್ವೆ ಸ್ಟೇಷನ್ನಿಗೆ ಹತ್ತಿರ ಒಬ್ಬ ವಿಧವೆಯ ಮನೆಯಲ್ಲಿ ಮುಂದಿನ ಕೋಣೆ ಬಾಡಿಗೆಗೆ ಸಿಕ್ಕಿತು. ಗಂಡ ಕೊಬ್ಬರಿ ವ್ಯಾಪಾರ ಮಾಡಿಕೊಂಡಿದ್ದವರು. ಆಕೆಯನ್ನು ನಾನೂ ಅಕ್ಕ ಎಂದೇ ಕರೆದೆ. ಮಹಡಿಯ ಮೇಲಿನ ಒಂದೇ ಕೋಣೆಯಲ್ಲಿ ಆಕೆಯ ತಮ್ಮ ಇದ್ದರು. ಅವರಿಗೂ ಮದುವೆಯಾಗಿರಲಿಲ್ಲ. ಊರವರೆಲ್ಲ ಅವರನ್ನು ಫೋಟೋದವರು ಎನ್ನುತ್ತಿದ್ದರು. ನಾನೂ ಕೊನೆಯವರೆಗೆ ಹಾಗೇ ಕರೆದೆ.

ಫೋಟೋದವರು ಎಂದರೂ ಅವರಿಗೆ ಸ್ಟುಡಿಯೋ ಇರಲಿಲ್ಲ. ಬೆಂಗಳೂರಿನ ಒಂದು ಪ್ರವಾಸದ ಮಾಸಪತ್ರಿಕೆಗೆ ಅವರು ಚಿತ್ರ ತೆಗೆದು ಕಳಿಸುತ್ತಿದ್ದರು. ಮದುವೆಗೆ, ನಾಮಕರಣಕ್ಕೆ ಕರೆಯಲು ಬಂದವರನ್ನು ಬಸ್ ಸ್ಟ್ಯಾಂಡ್ ಹತ್ತಿರದ ಸ್ಟುಡಿಯೋಗೆ ಕಳಿಸಿಬಿಡುತ್ತಿದ್ದರು. "ಮನುಷ್ಯರನ್ನ ಬುಟ್ಟು ಕಲ್ಲು, ಕೆರೆ ಹಿಡೀತಾನಂತೆ" ಎಂದು ಬಂದವರು ಗೊಣಗಿಕೊಂಡು ಹೋಗುತ್ತಿದ್ದರು.

ಪತ್ರಿಕೆಯಿಂದ ಕಾಗದ ಬಂದರೆ ಅವರು ಕ್ಯಾಮೆರಾ ಮುಟ್ಟುತ್ತಲೇ ಇರಲಿಲ್ಲ. ಮೊದಲ ಸಲ ಬರಿಗೈಯಲ್ಲಿ ಹೋಗಬೇಕು, ಎರಡನೇ ಸಲ ನೋಟ್‌ಬುಕ್ ಹಿಡಿದು ಹೋಗಬೇಕು, ಮೂರನೇ ಸಲ ಕ್ಯಾಮೆರಾ. ಇದು ಅವರ ಕ್ರಮ. "ಮೊದಲ್ನೇ ಸಲವೇ ಕ್ಯಾಮೆರಾ ತಗಂಡು ಹೋದ್ರೆ ಊರು ತಲೆ ಬಾಚ್ಕಂಡು ನಿಂತ್ಕತ್ತದೆ ಕಣ್ರೀ. ಆಮೇಲೆ ಅದರ ಮುಖ ನಿಮಗೆ ಸಿಗಲ್ಲ" ಎನ್ನುತ್ತಿದ್ದರು. ನೋಟ್‌ಬುಕ್ಕಿನಲ್ಲಿ ಬಾಗಿಲು ಯಾವ ದಿಕ್ಕಿಗಿದೆ, ಮೊದಲ ಬಸ್ಸಿನ ಧೂಳು ಅಡಗುವುದಕ್ಕೆ ಎಷ್ಟು ಹೊತ್ತು ಬೇಕು, ಬೀಗದ ಕೈ ಯಾರ ಮನೆಯಲ್ಲಿ, ಎಲ್ಲ ಇರುತ್ತಿತ್ತು. ಒಂದು ಪುಟ ನನಗೆ ಬಾಯಿಪಾಠವಾಗಿದೆ: "ಹಾಲ್ಕುರಿಕೆ. ಮಠದ ಕಡೆಯ ತೋಟ. ಒಂಬತ್ತೂವರೆಗೆ ಮುಖದ ಮೇಲೆಲ್ಲ ಗರಿ ನೆರಳು. ತೆಳು ಮೋಡ ಬೇಕು. ಕಂದು ನಾಯಿ ಕಚ್ಚುತ್ತೆ."

ಶನಿವಾರ ಸಂಜೆ ಜಗಲಿಯ ಮೇಲೆ ಅವರ ಸರಂಜಾಮು ಹರಡಿಕೊಳ್ಳುತ್ತಿತ್ತು. ಹುರಿದ ಅಕ್ಕಿಯನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಫಿಲ್ಮ್ ಡಬ್ಬಿಯೊಳಗೆ ಇಡುತ್ತಿದ್ದರು, ತೇವ ಹೀರಲಿ ಎಂದು. ಒಗೆದು ಒಗೆದು ಮೆತ್ತಗಾದ ಪಂಚೆಯ ತುಂಡು ಲೆನ್ಸಿಗೆ. ಕ್ಯಾಮೆರಾದಲ್ಲಿ ಫಿಲ್ಮ್ ಸಿಕ್ಕಿಕೊಂಡರೆ ಬಿಸಿಲಲ್ಲೇ ಬಿಡಿಸಲು ಕೈ ತೂರಿಸುವ ಎರಡು ತೋಳಿನ ಕಪ್ಪು ಚೀಲವೊಂದನ್ನು ದರ್ಜಿಯಿಂದ ಹೊಲಿಸಿದ್ದರು. ಅಕ್ಕ ಅದನ್ನು ಕತ್ತಿಲ್ಲದ ಕುಪ್ಪಸ ಎಂದು ಕರೆಯುತ್ತಿದ್ದರು. "ನಿನ್ನ ಕತ್ತಿಲ್ಲದ ಕುಪ್ಪಸ ತಗಂಡ್ಯೇನೋ?" ಎಂದು ಬಸ್ಸು ಹತ್ತುವಾಗ ಎಲ್ಲರೆದುರಿಗೆ ಕೂಗುತ್ತಿದ್ದರು.

ತುರುವೇಕೆರೆಯ ದೊಡ್ಡ ನಂದಿಗಾಗಿ ಅವರು ಪಟ್ಟ ಪಾಡು ನೋಡಬೇಕಿತ್ತು. ಕರಿಕಲ್ಲಿನ ಆ ನಂದಿಯ ಮೈ ಎಷ್ಟು ನುಣುಪೆಂದರೆ ಎದುರಿಗೆ ನಿಂತವರು ಅದರಲ್ಲಿ ಕಾಣುತ್ತಾರೆ. ಚಿತ್ರ ತೆಗೆದರೆ ನಂದಿಯ ಹೊಟ್ಟೆಯಲ್ಲಿ ಬಿಳಿ ಅಂಗಿಯ ಫೋಟೋದವರು. ಎರಡು ಸಲ ಹೋಗಿ ನೋಡಿ ಬಂದು, ಮೂರನೇ ಸಲ ಚಿಕ್ಕನಾಯಕನಹಳ್ಳಿಯಿಂದ ಒಂದು ಕರಿ ಕಂಬಳಿ ತಂದರು. ಅದನ್ನು ತಲೆಯಿಂದ ಕಾಲಿನವರೆಗೆ ಹೊದ್ದುಕೊಂಡು, ಕ್ಯಾಮೆರಾದ ಕಣ್ಣೊಂದನ್ನೇ ಹೊರಗೆ ಬಿಟ್ಟು ನಂದಿಯ ಮುಂದೆ ಕುಕ್ಕರಗಾಲಲ್ಲಿ ಕೂತರು. ದರ್ಶನಕ್ಕೆ ಬಂದ ಮುದುಕಿಯೊಬ್ಬಳು ನಂದಿಗೆ ಕೈಮುಗಿದು, ಕಂಬಳಿಗೂ ಒಂದು ಕೈಮುಗಿದು ಹೋದಳು. ಅಕ್ಕ ಸೆರಗು ಬಾಯಿಗೆ ತುರುಕಿಕೊಂಡು ಆಚೆ ಓಡಿದರು.

ನಾನು ಈ ಭಾನುವಾರದ ತಿರುಗಾಟಕ್ಕೆ ಸೇರಿದ್ದು ಅಕ್ಕನಿಂದಲೇ. ಕ್ಯಾಮೆರಾದ ಮುಂದೆ ಯಾರಾದರೂ ನಿಂತು ಬೆಳಕು ಎಲ್ಲಿ ಬೀಳುತ್ತದೆ ಎಂದು ತೋರಿಸಬೇಕಿತ್ತು. ಮೊದಲು ಅಕ್ಕ ನಿಲ್ಲುತ್ತಿದ್ದರು. ಆದರೆ ಅಕ್ಕ ಎರಡು ನಿಮಿಷ ಒಂದು ಕಡೆ ನಿಲ್ಲುವವರಲ್ಲ. ದಾರಿಯಲ್ಲಿ ಹೋಗುವವರನ್ನೆಲ್ಲ ಮಾತಾಡಿಸಬೇಕು. "ನೀನು ಪಾಠ ಮಾಡೋಳು, ನಿಂತು ಅಭ್ಯಾಸ ಐತೆ. ಬಾರೇ ತಾಯಿ" ಎಂದು ನನ್ನನ್ನು ಕರೆದುಕೊಂಡು ಹೋದರು. ಅಕ್ಕ ಜೊತೆಗಿದ್ದುದರಿಂದ ಊರೂ ಏನೂ ಅನ್ನಲಿಲ್ಲ. ಬುತ್ತಿ ಕಟ್ಟಿಕೊಂಡು ಮೂವರೂ ಹೋಗುತ್ತಿದ್ದೆವು. ಅಕ್ಕ ಮರದ ಕೆಳಗೆ ಎಲೆ ಅಡಿಕೆ ಬಿಚ್ಚುತ್ತಿದ್ದರು, ನಾನು ಬಿಸಿಲಿಗೆ ನಿಲ್ಲುತ್ತಿದ್ದೆ.

ಭುಜ, ಕಿವಿ, ಕೆನ್ನೆ ಎಂದು ಅವರು ಒಂದೊಂದೇ ಗುರುತು ಹಾಕಿಕೊಳ್ಳುತ್ತಿದ್ದರು. ಮಾತು ಕಡಿಮೆ. "ಒಂದು ಹೆಜ್ಜೆ ಹಿಂದಕ್ಕೆ. ಅಲ್ಲೇ. ಕೈ ಕೆಳಗೆ ಬುಡಿ." ಎಲ್ಲ ಮುಗಿದ ಮೇಲೆ, "ಆಯ್ತು, ಬುಡಿ." ಆ ಮಾತು ಕೇಳುವ ತನಕ ನಾನು ಅಲುಗಾಡುತ್ತಿರಲಿಲ್ಲ. ಕ್ಯಾಮೆರಾ ತರುವ ದಿನವೂ ಮೊದಲು ನಾನೇ ನಿಲ್ಲಬೇಕು. ಅವರು ಹೊಸ ಫಿಲ್ಮ್ ತುಂಬಿ, ಒಂದೆರಡು ಸಲ ಟಕ್ ಟಕ್ ಎಂದು ಒತ್ತಿ ಮುಂದಕ್ಕೆ ತಿರುಗಿಸುತ್ತಿದ್ದರು. ಏಕೆಂದು ಕೇಳಿದ್ದೆ. "ತುಂಬೋವಾಗ ಫಿಲ್ಮಿನ ತುದಿಗೆ ಬಿಸಿಲು ತಾಕಿರ್ತದೆ. ಮೊದಲ್ನೇದು ಅರ್ಧ ಸುಟ್ಟೋಗಿರ್ತದೆ, ಪ್ರಯೋಜನ ಇಲ್ಲ" ಎಂದಿದ್ದರು. ನಾನು ಅದನ್ನು ಅಲ್ಲಿಗೇ ಮರೆತೆ. ಆಮೇಲೆ ನನ್ನನ್ನು ಆಚೆ ಕಳಿಸಿ ನಿಜವಾದ ಚಿತ್ರ ತೆಗೆಯುತ್ತಿದ್ದರು.

ಈಗ ಹೇಳಿಬಿಡುತ್ತೇನೆ, ವಾರದ ಆರು ದಿನ ನನ್ನನ್ನು ಯಾರೂ ನೋಡುತ್ತಿರಲಿಲ್ಲ. ಮಕ್ಕಳು ಬೋರ್ಡು ನೋಡುತ್ತಿದ್ದವು, ಹೆಡ್ ಮಿಸ್ಸು ಹಾಜರಿ ಪುಸ್ತಕ ನೋಡುತ್ತಿದ್ದರು. ಭಾನುವಾರ ಒಬ್ಬರು ನನ್ನ ಕೆನ್ನೆಯ ಮೇಲಿನ ಬೆಳಕನ್ನು ಕಾಲು ಗಂಟೆ ನೋಡುತ್ತಿದ್ದರು. ಅದಕ್ಕಾಗಿ ಶನಿವಾರದಿಂದಲೇ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದೆ. ಯಾರಿಗೂ ಹೇಳಿರಲಿಲ್ಲ.

ಐದಾರು ವರ್ಷ ಹೀಗೇ ಕಳೆದ ಮೇಲೆ ಪತ್ರಿಕೆಯವರು ನಮ್ಮ ತೆಂಗಿನ ಸೀಮೆಯ ಮೇಲೆ ಒಂದು ಸಂಚಿಕೆ ಮಾಡುತ್ತೇವೆ, ಮುಖಪುಟಕ್ಕೆ ಬಣ್ಣದ ಚಿತ್ರ ಬೇಕು ಎಂದು ಬರೆದರು. ಅವರು ತೋಟ ಬಿಟ್ಟು ಅಟ್ಟವನ್ನು ಆರಿಸಿಕೊಂಡರು. ನಮ್ಮ ಕಡೆ ಕಾಯನ್ನು ಸಿಪ್ಪೆ ಸಮೇತ ಅಟ್ಟದ ಮೇಲೆ ಹರವಿ ಹತ್ತು ಹನ್ನೊಂದು ತಿಂಗಳು ಬಿಟ್ಟುಬಿಡುತ್ತಾರೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು ಗಿಟುಕು, ಅಂದರೆ ಉಂಡೆ ಕೊಬ್ಬರಿ, ಆಗುತ್ತದೆ. ಕಾಯನ್ನು ಕಿವಿಯ ಹತ್ತಿರ ಅಲ್ಲಾಡಿಸಿದರೆ ತಿಳಿಯುತ್ತದೆ. ಗುಳುಗುಳು ಎಂದರೆ ಇನ್ನೂ ನೀರಿದೆ, ಲೊಟಲೊಟ ಎಂದರೆ ಗಿಟುಕಾಗಿದೆ. ಫೋಟೋದವರಿಗೆ ಆ ಮಾತು ಬಹಳ ಹಿಡಿಸಿತ್ತು. ಪತ್ರಿಕೆಯವರು ಅವಸರ ಮಾಡಿದರೆ, "ಇನ್ನೂ ಗುಳುಗುಳು ಅಂತಾ ಐತೆ ಅಂತ ಬರೀತೀನಿ" ಎನ್ನುತ್ತಿದ್ದರು.

ಹೊನ್ನವಳ್ಳಿಯಲ್ಲಿ ಅಕ್ಕನ ಗಂಡನ ಕಡೆಯವರ ಮನೆ. ಅದರ ಅಟ್ಟಕ್ಕೆ ಒಂದೇ ಒಂದು ಗಾಜಿನ ಹೆಂಚು. ಕಾಯಿ ಅಟ್ಟಕ್ಕೇರಿಸಿದ ದಿನದಿಂದ ಅವರು ಆ ಹೆಂಚಿನ ಬೆಳಕನ್ನು ಬರೆದುಕೊಳ್ಳಲು ಶುರು ಮಾಡಿದರು. ಸಂಕ್ರಾಂತಿ ಕಳೆದ ಮೇಲೆ ಬೆಳಿಗ್ಗೆ ಹತ್ತರ ಸುಮಾರಿಗೆ ಆ ಬೆಳಕು ಅಟ್ಟದ ನಡುವೆ ಹನ್ನೆರಡು ನಿಮಿಷ ನಿಲ್ಲುತ್ತದೆ ಎಂದು ಲೆಕ್ಕ ಸಿಕ್ಕಿತು. ಆ ಬೆಳಕಿನಲ್ಲಿ ಒಬ್ಬ ಹೆಂಗಸು ಕಾಯನ್ನು ಕಿವಿಗೆ ಹಿಡಿದು ಕೇಳುತ್ತಿರಬೇಕು. ನಾನು ಏಣಿ ಹತ್ತಿ ಅಲ್ಲಿ ಆರು ಭಾನುವಾರ ನಿಂತೆ. "ಕಾಯಿ ಅಲ್ಲಾಡ್ಸಿ. ಕೇಳ್ತದಾ? ನಿಜವಾಗ್ಲೂ ಕೇಳಿ, ಕೇಳಿದಂಗೆ ಮಾಡಬ್ಯಾಡಿ." ಧೂಳಿಗೆ ಸೀನು ಬಂದರೂ ತಡೆದುಕೊಂಡು ಕೇಳಿದೆ.

ಆರು ಭಾನುವಾರ ನಿಂತ ಮೇಲೆ ಆ ಹೆಂಗಸು ನಾನೇ ಎಂದು ನನಗೆ ಅನ್ನಿಸಿಬಿಟ್ಟಿತು. ಹಸಿರು ನೂಲಿನ ಸೀರೆಯೊಂದನ್ನು ಕೊಂಡೆ. ಸ್ಟಾಫ್ ರೂಮಿನಲ್ಲಿ ಬಾಯಿ ತಡೆಯಲಾಗದೆ, ಮುಖಪುಟಕ್ಕೆ ನನ್ನ ಚಿತ್ರ ಬರುತ್ತದೆ ಎಂದೂ ಹೇಳಿದೆ.

ಆ ದಿನ ಅಟ್ಟದ ಮೇಲೆ ಬೆಳಕು ಬಂತು. ನಾನು ಹಸಿರು ಸೀರೆಯಲ್ಲಿ ಕಾಯಿ ಹಿಡಿದು ನಿಂತೆ. ಅವರು ಫಿಲ್ಮ್ ತುಂಬಿ ಒಂದೆರಡು ಸಲ ಒತ್ತಿ, "ಆಯ್ತು, ಬುಡಿ" ಎಂದರು. ಆಮೇಲೆ ಕೆಳಗಿದ್ದ ಮನೆಯ ಅಜ್ಜಿಯನ್ನು ಕರೆದರು. ಜೀವಮಾನವೆಲ್ಲ ಆ ಅಟ್ಟದಲ್ಲಿ ಕಾಯಿ ಅಲ್ಲಾಡಿಸಿದ ಅಜ್ಜಿ. ಅಜ್ಜಿ ಹತ್ತಿ ಬಂದು, ನನ್ನ ಕೈಯಿಂದ ಕಾಯಿ ತೆಗೆದುಕೊಂಡು, ನನ್ನ ಜಾಗದಲ್ಲಿ ನಿಂತರು. ನಾನು ಇನ್ನೂ ಅಲ್ಲೇ ಇದ್ದೆ. ಅವರು ಕ್ಯಾಮೆರಾದಿಂದ ಕಣ್ಣು ತೆಗೆಯದೆ, "ಪಕ್ಕಕ್ಕೆ ಬನ್ನಿ ಟೀಚರಮ್ಮ, ನೆರಳು ಬೀಳ್ತದೆ" ಎಂದರು.

"ನನ್ನದಲ್ವಾ ಚಿತ್ರ?" ಎಂದು ಕೇಳಿಬಿಟ್ಟೆ. ಕೇಳಬಾರದಿತ್ತು.

"ನೀವು ಅಳತೆ ಕಣ್ರೀ. ಚಿತ್ರ ಅಜ್ಜೀದು" ಎಂದರು. ಕೆಟ್ಟ ದನಿಯಲ್ಲಿ ಹೇಳಲಿಲ್ಲ. ಬೆಳಕಿಗೆ ಇನ್ನು ಹತ್ತು ನಿಮಿಷ ಎಂದು ಹೇಳುವ ದನಿಯಲ್ಲೇ ಹೇಳಿದರು. ನಾನು ಏಣಿ ಇಳಿದು, ಅಕ್ಕನಿಗೂ ಹೇಳದೆ, ಒಬ್ಬಳೇ ಬಸ್ಸು ಹಿಡಿದು ತಿಪಟೂರಿಗೆ ಬಂದೆ. ಕಿಟಕಿಯ ಪಕ್ಕ ಕೂತು ದಾರಿಯುದ್ದಕ್ಕೂ ಸೆರಗಿನಲ್ಲಿ ಧೂಳು ಒರೆಸಿಕೊಳ್ಳುವಂತೆ ಕಣ್ಣು ಒರೆಸಿಕೊಂಡೆ.

ಸಂಚಿಕೆ ಬಂದಾಗ ಸ್ಟಾಫ್ ರೂಮಿನಲ್ಲಿ ಕೈಯಿಂದ ಕೈಗೆ ಹೋಯಿತು. "ಎಲ್ರೀ ನೀವು? ಇಷ್ಟು ವಯಸ್ಸಾದ್ದು ನಮಗೆ ಗೊತ್ತೇ ಆಗ್ಲಿಲ್ಲ" ಎಂದು ಒಬ್ಬರು ನಕ್ಕರು. ಚಿತ್ರ ಚೆನ್ನಾಗಿತ್ತು. ಅಜ್ಜಿಯ ಮುಖದಲ್ಲಿ ಒಂದು ಇಡೀ ವರ್ಷದ ಕಾಯುವಿಕೆ ಇತ್ತು, ನನ್ನ ಮುಖದಲ್ಲಿ ಅದು ಬರುತ್ತಿರಲಿಲ್ಲ. ಅದು ಗೊತ್ತಾದದ್ದಕ್ಕೇ ಇನ್ನಷ್ಟು ನೋವಾಯಿತು.

ಆಮೇಲೆ ಒಂದು ವರ್ಷ ನಾನು ಅವರ ಜೊತೆ ಹೋಗಲಿಲ್ಲ. ಭಾನುವಾರ ಬೆಳಿಗ್ಗೆ ಅವರು ಮೆಟ್ಟಿಲಿಳಿಯುವ ಸದ್ದು ಕೇಳಿದರೆ ಬಾಗಿಲು ಹಾಕಿಕೊಳ್ಳುತ್ತಿದ್ದೆ. ಅವರೂ ಕರೆಯಲಿಲ್ಲ, ಕಾರಣ ಕೇಳಲಿಲ್ಲ. ಎದುರಾದರೆ ಪಕ್ಕಕ್ಕೆ ಸರಿದು ದಾರಿ ಬಿಡುತ್ತಿದ್ದರು. ಅಕ್ಕ ಮಾತ್ರ ಒಂದು ದಿನ ಸಾರು ಕೊಡಲು ಬಂದವರು ಹೊಸ್ತಿಲಲ್ಲೇ ನಿಂತು, "ಅವನಿಗೆ ಮಾತು ಬರಕ್ಕಿಲ್ಲ ಕಣೇ. ದೇವ್ರು ಕಣ್ಣು ಕೊಟ್ಟು ಬಾಯಿ ಕೊಡೋದ ಮರೆತವ್ನೆ" ಎಂದರು. ಕಣ್ಣಿದ್ದರೆ ನನ್ನ ಮುಖ ಕಾಣಲಿಲ್ಲವೇ ಎಂದು ಕೇಳಬೇಕೆಂದಿದ್ದವಳು ಸಾರಿನ ಪಾತ್ರೆ ತೆಗೆದುಕೊಂಡು ಒಳಗೆ ಹೋದೆ. ಭಾನುವಾರಗಳು ಬಹಳ ಉದ್ದವಾಗಿದ್ದವು.

ಮುಂದಿನ ಸಂಕ್ರಾಂತಿ ಕಳೆದು ಒಂದು ಶನಿವಾರ ಸಂಜೆ ಅವರು ನನ್ನ ಬಾಗಿಲಿಗೆ ಬಂದರು. ಕೈಯಲ್ಲಿ ಒಂದು ಬಿದಿರು ಕೋಲು. ಅದರಲ್ಲಿ ಚಾಕುವಿನಿಂದ ಮೂರು ಗೆರೆ ಕೊರೆದಿದ್ದರು. ಭುಜಕ್ಕೊಂದು, ಗಲ್ಲಕ್ಕೊಂದು, ಕಣ್ಣಿಗೊಂದು. ಕೋಲು ನನ್ನಷ್ಟೇ ಎತ್ತರ. ನನ್ನನ್ನು ಎಂದೂ ಅಳೆಯದೆ ಅಷ್ಟು ಸರಿಯಾಗಿ ಹೇಗೆ ಕಡಿದರೋ ತಿಳಿಯದು.

"ಒಂದು ವರ್ಷ ಇದನ್ನ ನಿಲ್ಲಿಸ್ಕಂಡು ಕೆಲಸ ಮಾಡಿದೆ" ಎಂದರು. ಕಣ್ಣಿನ ಗೆರೆಯನ್ನು ಹೆಬ್ಬೆರಳಿನಿಂದ ಒರೆಸಿದರು. "ಇದು ಉಸಿರಾಡಲ್ಲ ಕಣ್ರೀ."

ಅಷ್ಟೇ. "ನಾಳೆ ಎಷ್ಟು ಗಂಟೆ ಬಸ್ಸು?" ಎಂದು ಕೇಳಿದೆ. ಒಳಗಿನಿಂದ ಅಕ್ಕ, "ಏಳೂಕಾಲು. ಬುತ್ತಿ ಮೂರು ಜನಕ್ಕೇ ಕಟ್ಟಿವ್ನಿ" ಎಂದು ಕೂಗಿದರು.

ಆ ಮೇಲೆ ಮತ್ತೆ ಕೆಲವು ವರ್ಷ ನಿಂತೆ. ಅಮ್ಮಸಂದ್ರದ ರೈಲು ದಾರಿಯ ಪಕ್ಕ, ಚಿಕ್ಕನಾಯಕನಹಳ್ಳಿಯ ಕಂಬಳಿ ಒಣಹಾಕಿದ ಬಯಲಿನಲ್ಲಿ, ಎಷ್ಟೋ ಕೆರೆ ಏರಿಗಳ ಮೇಲೆ. ಚಿತ್ರದಲ್ಲಿ ಒಮ್ಮೆಯೂ ಇರಲಿಲ್ಲ, ಇರಬೇಕೆಂದು ಕೇಳಲೂ ಇಲ್ಲ. ಆದರೆ ಅವರಿಂದ ಒಂದು ಪಾಠ ಕಲಿತೆ. ಹೊಸ ತರಗತಿಗೆ ಮೊದಲ ದಿನ ಪುಸ್ತಕವಿಲ್ಲದೆ ಹೋಗುತ್ತಿದ್ದೆ, ಬರಿಗೈಯಲ್ಲಿ. ಮಕ್ಕಳು ತಲೆ ಬಾಚಿಕೊಂಡು ನಿಲ್ಲುವ ಮೊದಲು ಅವುಗಳ ಮುಖ ನೋಡುವುದಕ್ಕೆ. ನನಗೆ ಒಳ್ಳೆಯ ಟೀಚರೆಂದು ಹೆಸರು ಬಂದಿದ್ದರೆ ಅದು ಅವರದು.

ಎಂಬತ್ತರ ದಶಕದ ನಡುವೆ ನನಗೆ ಬಡ್ತಿ ಕೊಟ್ಟು ಮಧುಗಿರಿ ಕಡೆಗೆ ವರ್ಗ ಮಾಡಿದರು. ಟ್ರಂಕು ಬಸ್ಸಿನ ಮೇಲೆ ಏರಿತು. ಅಕ್ಕ ಅಳುತ್ತಲೇ ನನ್ನ ಕೈಗೆ ಚಟ್ನಿಪುಡಿ ಡಬ್ಬಿ ಕೊಟ್ಟರು. ಅವರು ಆಚೆ ಪಕ್ಕ, ಬಿಸಿಲು ಬೆನ್ನಿಗೆ ಬರುವ ಹಾಗೆ ನಿಂತಿದ್ದರು. ನಾನು ಬಸ್ಸಿನ ಮೆಟ್ಟಿಲ ಹತ್ತಿರ ಅವರ ಕಡೆ ತಿರುಗಿ ನಿಂತೆ. ಎಡಗಣ್ಣು ಪೂರ್ತಿ ಮುಚ್ಚಿ ಬಲಗಣ್ಣಿನಲ್ಲಿ ನೋಡಿದರು. ಆಯ್ತು, ಬುಡಿ ಎಂಬ ಮಾತು ಬರುತ್ತದೆಂದು ನಾನು ಕಾದೆ. ಕಂಡಕ್ಟರ್ ಸೀಟಿ ಹೊಡೆದ. ಆ ಕಣ್ಣು ತೆರೆಯುವ ಮೊದಲೇ ಬಸ್ಸು ಹೊರಟಿತು.

ಎರಡು ವರ್ಷಕ್ಕೆ ಅಕ್ಕ ಯಾರಿಂದಲೋ ಬರೆಸಿದ ಕಾರ್ಡು ಬಂತು. ನಾನು ಹೋಗುವ ಹೊತ್ತಿಗೆ ಎಲ್ಲ ಮುಗಿದು ವಾರವಾಗಿತ್ತು. ಅಕ್ಕ ಮೊದಲ ಸಲ ಒಂದೇ ಕಡೆ ಅಲುಗಾಡದೆ ಕೂತಿದ್ದರು. "ಮೂರು ದಿವ್ಸ ಜ್ವರ. ನಾಕನೇ ದಿವ್ಸ ಬೆಳಿಗ್ಗೆ ಕಿಟಕಿ ತೆಗಿ ಅಂದ. ತೆಗ್ದೆ. ಬೆಳಕು ನೋಡ್ತಾ ಇದ್ದ. ನಾನು ಕಾಪಿ ತರಾಕೆ ಹೋಗಿ ಬರೋದ್ರಲ್ಲಿ ಹೋಗಿಬುಟ್ಟಿದ್ದ ಕಣೇ" ಎಂದರು. ಆಮೇಲೆ ಎದ್ದು ಆ ಬಿದಿರು ಕೋಲನ್ನೂ ಒಂದು ಬಿಸ್ಕತ್ತಿನ ಡಬ್ಬವನ್ನೂ ತಂದು ಮುಂದಿಟ್ಟರು. "ಇದು ನಿಂದಂತೆ. ಜ್ವರದಲ್ಲೇ ಹೇಳ್ದ."

ಡಬ್ಬದ ಮುಚ್ಚಳದ ಮೇಲೆ ಅವರ ಅಕ್ಷರದಲ್ಲಿ ಒಂದೇ ಪದ ಇತ್ತು: ಅಳತೆ.

ಒಳಗೆ ಫಿಲ್ಮಿನ ಚಿಕ್ಕ ಚಿಕ್ಕ ತುಂಡುಗಳು, ಒಂದೊಂದೂ ಒಂದೊಂದು ಕಾಗದದಲ್ಲಿ. ಕಾಗದದ ಮೇಲೆ ಊರು, ತಿಂಗಳು, ಗಂಟೆ. ಕಿಟಕಿಗೆ ಹಿಡಿದು ನೋಡಿದೆ. ಪ್ರತಿ ರೋಲಿನ ಮೊದಲ ಚಿತ್ರ. ಅರ್ಧ ಮಸಿ ಬಳಿದಂತೆ ಕಪ್ಪು, ಉಳಿದ ಅರ್ಧದಲ್ಲಿ ನಾನು. ನೆಗೆಟಿವ್ ಆದ್ದರಿಂದ ಮುಖ ಕಪ್ಪು, ಕೂದಲೆಲ್ಲ ಬೆಳ್ಳಗೆ. ಹಾಲ್ಕುರಿಕೆಯಲ್ಲಿ ನಾನು, ತುರುವೇಕೆರೆಯಲ್ಲಿ ನಾನು, ಏರಿಯ ಮೇಲೆ ಸೆರಗು ಹಾರುತ್ತಿರುವ ನಾನು. ನಡುವೆ ಒಂದು ವರ್ಷದ ತುಂಡುಗಳಲ್ಲಿ ನಾನು ಇರಬೇಕಾದ ಕಡೆ ಬರಿಯ ಕೋಲು, ಮಣ್ಣಿಗೆ ನೆಟ್ಟದ್ದು. ಒಂದೇ ಒಂದು ತುಂಡು ಬಣ್ಣದ್ದು, ನೆಗೆಟಿವ್ ಅಲ್ಲದ ಸ್ಲೈಡು. ಅದರಲ್ಲಿ ಒಂದು ಪಕ್ಕ ಬೆಳ್ಳಗೆ ಸುಟ್ಟುಹೋಗಿತ್ತು. ಇನ್ನೊಂದು ಪಕ್ಕದಲ್ಲಿ ಹಸಿರು ಸೀರೆ ಉಟ್ಟವಳು ಕಾಯನ್ನು ಕಿವಿಗೆ ಹಿಡಿದುಕೊಂಡು ನಿಜವಾಗಿಯೂ ಕೇಳುತ್ತಿದ್ದಳು.

ಅವತ್ತು ಅಕ್ಕನ ಮಡಿಲಲ್ಲಿ ತಲೆ ಇಟ್ಟು ಅತ್ತೆ. ನನ್ನ ಆ ವರ್ಷಗಳ ಬೇರೆ ಚಿತ್ರ ಎಲ್ಲಿಯೂ ಇಲ್ಲ. ಅವರಿಗೂ ಒಂದು ಮಾತು ಆಡಲು ಬರಲಿಲ್ಲ, ನನಗೂ ಒಂದು ಮಾತು ಕೇಳಲು ಬರಲಿಲ್ಲ, ಇಬ್ಬರೂ ಒಂದೇ ಮನೆಯ ಮೇಲೆ ಕೆಳಗೆ ಅಷ್ಟು ವರ್ಷ ಒಂಟಿಯಾಗಿ ಇದ್ದುಬಿಟ್ಟೆವು.

ಅಕ್ಕನೂ ಹೋಗಿ ಬಹಳ ಕಾಲವಾಯಿತು. ನಾನು ನಿವೃತ್ತಳಾಗಿ ಒಬ್ಬಳೇ ಇದ್ದೇನೆ. ಕೋಲು ಬಾಗಿಲ ಹಿಂದೆ ಇರುತ್ತದೆ. ಬೆಳಿಗ್ಗೆ ಹತ್ತರ ಬಿಸಿಲು ಹೊಸ್ತಿಲು ದಾಟಿದಾಗ ಕೆಲವು ದಿನ ಅದರ ಪಕ್ಕ ನಿಲ್ಲುತ್ತೇನೆ. ಬೆನ್ನು ಎಷ್ಟು ನೆಟ್ಟಗೆ ಮಾಡಿದರೂ ಕಣ್ಣಿನ ಗೆರೆ ಈಗ ನನಗಿಂತ ಎರಡು ಬೆರಳು ಮೇಲಿದೆ. ಕೂದಲು ಮಾತ್ರ ಆ ನೆಗೆಟಿವ್‌ಗಳಲ್ಲಿ ಇದ್ದ ಬಣ್ಣಕ್ಕೇ ಬಂದಿದೆ. ಬಿಸಿಲು ಭುಜಕ್ಕೆ ಬರುತ್ತದೆ, ಕಿವಿಗೆ ಬರುತ್ತದೆ, ಕೆನ್ನೆಗೆ ಬರುತ್ತದೆ. ಕೈ ಕೆಳಗೆ ಬಿಟ್ಟು, ಅಲುಗಾಡದೆ ನಿಂತಿರುತ್ತೇನೆ. ಬಿಸಿಲು ಗೋಡೆಗೆ ಸರಿದು ಹೋದ ಮೇಲೂ ನಿಂತಿರುತ್ತೇನೆ. ಆಯ್ತು, ಬುಡಿ ಎನ್ನುವವರು ಇಲ್ಲ.